ಒಂದೇ ಬಾಟಲಿಯ ಊಟ

ಅವಳ ನಿಜವಾದ ಹೆಸರು ಬಾಗಿಲ ಮೇಲಿನ ಫಲಕದಲ್ಲಿ ಮಾತ್ರ ಉಳಿದಿತ್ತು. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅವಳು ಚೊಕ್ಕಮ್ಮ. ಯಾವನೋ ವಿದ್ಯಾರ್ಥಿ ಬೆನ್ನ ಹಿಂದೆ ಇಟ್ಟ ಹೆಸರು ಒಂದು ದಿನ ಅವಳ ಕಿವಿಗೇ ಬಿದ್ದಾಗ, "ಕೊನೇಲಿ ಅಮ್ಮ ಅಂತ ಸೇರಿಸಿದ್ದೀರಲ್ಲ, ಅಷ್ಟು ಮರ್ಯಾದೆ ಸಾಕು ಬಿಡಿ" ಎಂದು ನಕ್ಕಿದ್ದಳು. ಅಲ್ಲಿಂದ ಮುಂದೆ ಅದೇ ಊರ್ಜಿತವಾಯಿತು.

ಮನುಷ್ಯರ ಜೀವಕೋಶಗಳನ್ನು ದೇಹದ ಹೊರಗೆ, ಗಾಜಿನಂಥ ಸಣ್ಣ ತಟ್ಟೆಗಳಲ್ಲಿ ಬೆಳೆಸುವುದು ಅವಳ ಕೆಲಸ. ಹಸುಗೂಸು ಸಾಕಿದ ಹಾಗೆ. ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಡಬೇಕು, ಹೊತ್ತಿಗೆ ಸರಿಯಾಗಿ ಮೀಡಿಯಾ ಎಂಬ ಕೆಂಪು ದ್ರವ ಉಣಿಸಬೇಕು, ಉಂಡು ಬಿಟ್ಟದ್ದನ್ನು ಪಿಪೆಟ್ಟು ಎಂಬ ಸಪೂರ ಕೊಳವೆಯಿಂದ ಹೀರಿ ತೆಗೆಯಬೇಕು. ಇದನ್ನೆಲ್ಲ ಸೋಸಿದ ಗಾಳಿ ಬೀಸುವ ಗೂಡಿನೊಳಗೆ ಕೈಯಿಟ್ಟು ಮಾಡಬೇಕು. ಹೊಸಬರು ಬಂದಾಗಲೆಲ್ಲ ಚೊಕ್ಕಮ್ಮ ಅದೇ ಪಾಠ ಒಪ್ಪಿಸುತ್ತಿದ್ದಳು: "ಒಂದು ಸಲಕ್ಕೆ ಒಬ್ಬರ ಕೋಶ. ಅವರಿಗೆ ಅವರದೇ ಬಾಟಲಿ. ತಟ್ಟೆ ಮುಟ್ಟಿದ ಪಿಪೆಟ್ಟು ವಾಪಸ್ ಬಾಟಲಿಗೆ ಇಳೀತು ಅಂದ್ರೆ ಅದು ಎಂಜಲು. ಎಂಜಲಾದ ಬಾಟಲಿ ಸೀದಾ ಕಸಕ್ಕೆ. ಗೊತ್ತಾಯ್ತಾ?"

"ನಮ್ಮಜ್ಜಿ ಬದುಕಿದ್ದಿದ್ರೆ ನಿಮ್ಮನ್ನ ದತ್ತು ತಗೋತಿದ್ರು ಮೇಡಂ" ಎಂದಿದ್ದಳು ಗುಬ್ಬಿ. ಅವಳು ಚೊಕ್ಕಮ್ಮನ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿ; ಆಳು ಸಣ್ಣ, ಬಾಯಿ ದೊಡ್ಡದು.

ಚೊಕ್ಕಮ್ಮನಿಗೆ ಒಬ್ಬ ಮಗನಿದ್ದ. ಎರಡು ವರ್ಷ ತುಂಬುವ ಮೊದಲೇ ಅವನ ತಲೆಗೂದಲು ಉದುರಿತು, ಚರ್ಮ ಬಿಗಿಯಿತು, ಕೀಲುಗಳು ಹಿಡಿದುಕೊಂಡವು. ಲಕ್ಷಾಂತರ ಮಕ್ಕಳಲ್ಲಿ ಒಂದಕ್ಕೆ ಬರುವ ಕಾಯಿಲೆ. ಮುಪ್ಪು ಮಗುವನ್ನು ಹುಡುಕಿಕೊಂಡು ಓಡಿ ಬರುತ್ತದೆ. ಬೀದಿಯ ಮಕ್ಕಳು "ತಾತ, ತಾತ" ಎಂದು ಚುಡಾಯಿಸಿದರು. ಅವನು ಅತ್ತುಕೊಂಡು ಬರಲಿಲ್ಲ. ಹೆಸರನ್ನು ಅವರ ಬಾಯಿಂದ ಕಸಿದು ತಾನೇ ಇಟ್ಟುಕೊಂಡ. "ತಾತ ಬಂದಿದಾನೆ, ಎದ್ದು ಜಾಗ ಬಿಡ್ರೋ" ಎಂದು ಹುಡುಗರ ಗುಂಪಿನೊಳಗೆ ನುಗ್ಗುತ್ತಿದ್ದ. ಮನೆಯಲ್ಲೂ ಅವನು ತಾತನೇ ಆದ.

ಅವನಪ್ಪನದು ಒಂದು ಸಲೂನ್. ಎರಡು ಕುರ್ಚಿ, ಎದುರುಬದುರು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಭಾನುವಾರ ಬೆಳಿಗ್ಗೆ ತಾತ ಆ ಬೆಂಚಿನಲ್ಲಿ ಸರದಿಗೆ ಕೂರುತ್ತಿದ್ದ. ಸರದಿ ಬಂದಾಗ ಅಪ್ಪ ಕುರ್ಚಿಯ ಕೈಗಳ ಮೇಲೆ ಹಲಗೆ ಹಾಕಿ, ಅವನನ್ನು ಎತ್ತಿ ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟುತ್ತಿದ್ದ.

"ಹೆಂಗೆ ಕಟ್ ಮಾಡ್ಲಿ ಯಜಮಾನ್ರೇ?"

"ಸೈಡಲ್ಲಿ ಸಣ್ಣಕ್ಕೆ. ಮೇಲ್ಗಡೆ ಸ್ವಲ್ಪ ಬಿಡಿ."

ಅಪ್ಪ ಆ ಬೋಳು ತಲೆಯ ಸುತ್ತ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದ. ಒಂದು ಕೂದಲೂ ಇಲ್ಲದ ಕ್ಷೌರ, ಆದರೆ ಅವಸರವಿಲ್ಲ, ಕಳ್ಳಾಟವಿಲ್ಲ. ಹಿಂದೆ ಸಣ್ಣ ಕನ್ನಡಿ ಹಿಡಿದು ತೋರಿಸಿದರೆ ತಾತ ಕತ್ತು ತಿರುಗಿಸಿ, "ಎಡಗಡೆ ಇನ್ನೊಂಚೂರು ಉದ್ದ ಇದೆ, ಕಣ್ಣು ಕಾಣ್ಸಲ್ವಾ?" ಎನ್ನುತ್ತಿದ್ದ. ಬೆಂಚಿನಲ್ಲಿ ಕೂತವರು ನಗುತ್ತಿದ್ದರು. ಕೆಲವರು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು.

ಹದಿಮೂರನೆಯ ವಯಸ್ಸಿಗೆ ಅವನ ಹೃದಯ ನಿಂತಿತು. ಮುದುಕರಿಗೆ ನಿಲ್ಲುವ ಹಾಗೆ, ನಿದ್ದೆಯಲ್ಲಿ.

ಅವನು ಬದುಕಿದ್ದಾಗಲೇ ಲ್ಯಾಬಿನ ಮುಖ್ಯಸ್ಥರು, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದ ಹಿರಿಯರು, ಅವನ ತೋಳಿನಿಂದ ಚಿಟಿಕೆಯಷ್ಟು ಚರ್ಮ ತೆಗೆದು ಕೋಶ ಬೆಳೆಸಿದ್ದರು. "ನಂಗೊಬ್ಬಂಗೇ ಯಾಕೆ ಚುಚ್ತೀರಿ? ಅಮ್ಮಂಗೂ ಚುಚ್ಚಿ" ಎಂದು ತಾತ ಹಟ ಹಿಡಿದ. ಮೇಷ್ಟ್ರಿಗೆ ಹೋಲಿಕೆಗೆ ಆರೋಗ್ಯವಂತರ ಕೋಶವೂ ಬೇಕಿತ್ತು. ಹಾಗಾಗಿ ತಾಯಿಯ ತೋಳೂ ಒಂದು ಚಿಟಿಕೆ ಕೊಟ್ಟಿತು. ಅವನು ಹೋದ ಮೇಲೆ ಚೊಕ್ಕಮ್ಮ ಮೇಷ್ಟ್ರ ಮುಂದೆ ನಿಂತು ಆ ಕೋಶಗಳ ಕೆಲಸ ತನಗೇ ಬೇಕೆಂದು ಕೇಳಿದಳು. ಅವರು ಬೇಡವೆನ್ನಬೇಕಿತ್ತು. ಎನ್ನಲಾಗಲಿಲ್ಲ.

ಕೆಲಸ ಇಷ್ಟು. ನಮ್ಮ ಒಂದೊಂದು ಕೋಶದಲ್ಲೂ ಒಂದೇ ಬರಹವಿದೆ, ಅಕ್ಷರಕ್ಕೆ ಅಕ್ಷರ ಅದೇ. ಆದರೆ ಚರ್ಮದ ಕೋಶ ಚರ್ಮವಾಗಿಯೂ ನರದ ಕೋಶ ನರವಾಗಿಯೂ ಉಳಿಯುವುದು ಆ ಬರಹದ ಮೇಲಿರುವ ಗುರುತುಗಳಿಂದ: ಇದನ್ನು ಓದು, ಇದನ್ನು ಬಿಡು ಎಂಬ ಸಣ್ಣ ಸಣ್ಣ ಅಂಟುಗುರುತುಗಳು. ವಯಸ್ಸಾದಂತೆ ಅವು ಜರುಗುತ್ತವೆ, ಕೆಡುತ್ತವೆ. ಕೋಶ ತಪ್ಪುತಪ್ಪಾಗಿ ಓದತೊಡಗುತ್ತದೆ. ಕೆಲವು ಪ್ರೋಟೀನುಗಳ ಮದ್ದನ್ನು ಸ್ವಲ್ಪ ಹೊತ್ತು ಕೊಟ್ಟರೆ ಗುರುತುಗಳು ಹಳೆಯ ಜಾಗಕ್ಕೆ ಮರಳಿ, ಮುದಿ ಕೋಶ ಎಳೆಯದಾಗಬಹುದು. ಹೆಚ್ಚು ಹೊತ್ತು ಕೊಟ್ಟರೆ ಎಲ್ಲ ಗುರುತೂ ಅಳಿಸಿ, ತಾನು ಯಾರೆಂಬುದನ್ನೇ ಕೋಶ ಮರೆಯುತ್ತದೆ. ಗಡ್ಡೆಯಾಗಿ ಬೆಳೆಯಲೂ ಹೇಸುವುದಿಲ್ಲ. ತಾತನ ಕಾಯಿಲೆಯಲ್ಲಿ ಇನ್ನೊಂದು ತೊಡಕಿತ್ತು. ಅವನ ಬರಹದಲ್ಲೇ ಒಂದು ಅಕ್ಷರ ತಪ್ಪಿತ್ತು. ಆ ತಪ್ಪಿನಿಂದ, ಬರಹವನ್ನು ಒಳಗಿಟ್ಟುಕೊಂಡ ಕೋಶದ ನಡುಬೀಜದ ಗೋಡೆ ಹಿಸುಕಿದ ಕಾಗದದಂತೆ ಮುದುಡುತ್ತಿತ್ತು, ಗುರುತುಗಳು ಅವಧಿಗೆ ಮೊದಲೇ ಉದುರುತ್ತಿದ್ದವು.

ಅಕ್ಷರ ತಪ್ಪಿದ್ದರೂ ಗುರುತುಗಳನ್ನು ಸರಿಪಡಿಸಿದರೆ ಸಾಕೇ? ಚೊಕ್ಕಮ್ಮ ವರ್ಷಗಟ್ಟಲೆ ಆ ಒಂದೇ ಪ್ರಶ್ನೆಗೆ ಜೋತುಬಿದ್ದಳು. ಕೊನೆಗೊಮ್ಮೆ, ಮದ್ದು ಕೊಟ್ಟ ತಟ್ಟೆಯಲ್ಲಿ ಮುದುಡಿದ ಬೀಜಗಳ ನಡುವೆ ದುಂಡನೆಯವು ಕಾಣಿಸಿಕೊಂಡವು. ಮೊದಲು ಅಲ್ಲೊಂದು ಇಲ್ಲೊಂದು. ಆಮೇಲೆ ತಟ್ಟೆ ತುಂಬ. ಗುರುತುಗಳನ್ನು ಅಳೆದರೆ ಎಳೆಯ ಚರ್ಮದ ಗುರುತುಗಳು. ಆ ಸಂಜೆ ಮನೆಗೆ ಹೋಗಿ ಗಂಡನಿಗೆ ಹೇಳಿದಳು.

"ಹೋದವನು ಹೋದ" ಎಂದ ಅವನು, ಕಾಲುಚೀಲ ಬಿಚ್ಚುತ್ತ. "ನೀನು ಅವನ ಚರ್ಮಕ್ಕೆ ಊಟ ಹಾಕ್ಕೊಂಡು ಕೂತಿದ್ದೀಯ. ಅದು ಬರೀ ಚರ್ಮ ಕಣೆ."

ಸುದ್ದಿ ಮಾತ್ರ ನಿಲ್ಲಲಿಲ್ಲ. ಬೇರೆ ಊರಿನಲ್ಲಿ ಇದೇ ಕಾಯಿಲೆಯ ಒಬ್ಬ ಹುಡುಗಿಯಿದ್ದಳು. ಅವಳನ್ನು ನೋಡುತ್ತಿದ್ದ ಆಸ್ಪತ್ರೆಯವರು ಈ ಫಲಿತಾಂಶ ನಂಬಿ ಮದ್ದು ಕೊಟ್ಟುನೋಡಲು ತಯಾರಾದರು. ಹುಡುಗಿಯ ತಾಯಿ ಫೋನು ಮಾಡಿ ಅತ್ತಳು, ನಕ್ಕಳು. "ಅಕ್ಕಾ, ನಿಮ್ಮ ಮಗ ನನ್ನ ಮಗಳಿಗೆ ಅಣ್ಣ ಆದ ಬಿಡಿ" ಎಂದಳು.

ಫಲಿತಾಂಶ ಅಚ್ಚಾಗುವ ಮುನ್ನ ವಿಜ್ಞಾನ ಪತ್ರಿಕೆಯವರು ಒಂದು ಮಾಮೂಲಿ ಪರೀಕ್ಷೆ ಕೇಳಿದರು: ತಟ್ಟೆಯಲ್ಲಿರುವುದು ಯಾರ ಕೋಶ ಎಂಬ ಖಾತರಿ. ಚೊಕ್ಕಮ್ಮ ಗುಬ್ಬಿಗೆ ವಹಿಸಿ ಮರೆತೂಬಿಟ್ಟಳು. ಊಟದ ಹೊತ್ತು ಕಳೆದ ಮೇಲೆ ಗುಬ್ಬಿ ಬಂದು ಬಾಗಿಲಲ್ಲಿ ನಿಂತಳು.

"ಮೇಡಂ, ಮದ್ದು ಕೊಟ್ಟ ತಟ್ಟೇಲಿ ಗಂಡು ಗುರುತೇ ಇಲ್ಲ. ವೈ ಕ್ರೋಮೋಸೋಮೇ ಕಾಣ್ತಿಲ್ಲ."

"ಇನ್ನೊಂದ್ಸಲ ಮಾಡು."

"ಮೂರ್ ಸಲ ಮಾಡ್ದೆ. ಆ ತಪ್ಪು ಅಕ್ಷರಾನೂ ಇಲ್ಲ. ಎಲ್ಲಾ ಸರಿಯಾಗಿದೆ." ಗುಬ್ಬಿ ವರದಿಯ ಹಾಳೆ ಮುಂದಿಟ್ಟಳು. "ಎಲ್ಲಾ ನಿಮ್ಮ ಕೋಶಕ್ಕೆ ಹೊಂದುತ್ತೆ ಮೇಡಂ. ನಾನೇ ಎಲ್ಲೋ ಅದಲುಬದಲು ಮಾಡಿರ್ಬೇಕು. ನಾನೇ…"

ಚೊಕ್ಕಮ್ಮ ಕುರ್ಚಿಯಲ್ಲಿ ಕೂತೇ ಇದ್ದಳು. ಅದಲುಬದಲು ಆಗಿರಲಿಲ್ಲ. ಏನಾಗಿತ್ತೆಂದು ಅವಳ ಕೈಗಳಿಗೆ ಗೊತ್ತಿತ್ತು.

ಊರಿಗೆಲ್ಲ ಹೇಳುತ್ತಿದ್ದ ನಿಯಮವನ್ನು ಅವಳು ಎರಡು ತಟ್ಟೆಗಳ ಮಟ್ಟಿಗೆ ಮಾತ್ರ ಪಾಲಿಸಿರಲಿಲ್ಲ. ತನ್ನದನ್ನೂ ಮಗನದನ್ನೂ ಒಟ್ಟಿಗೆ ಗೂಡಿನೊಳಗೆ ತರುತ್ತಿದ್ದಳು, ಅಕ್ಕಪಕ್ಕ ಇಡುತ್ತಿದ್ದಳು, ಒಂದೇ ಬಾಟಲಿಯಿಂದ ಉಣಿಸುತ್ತಿದ್ದಳು. ಹೀಗೇ ಮಾಡಬೇಕೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಅದು ತಪ್ಪೆಂದೂ ಹೊಳೆದಿರಲಿಲ್ಲ. ತಾತ ಹುಟ್ಟಿದಾಗಿನಿಂದ ಬೇರೆ ತಟ್ಟೆಯಲ್ಲಿ ಉಂಡವನಲ್ಲ. ಬಡಿಸಿಕೊಟ್ಟರೆ ಸರಿಸಿ, ಅವಳಿಗೆ ಒತ್ತಿಕೊಂಡು ಕೂತು, "ನಿನ್ನ ತಟ್ಟೇದೇ ರುಚಿ" ಎಂದು ಅವಳ ತುತ್ತಿಗೇ ಕೈ ಹಾಕುತ್ತಿದ್ದ. ತಾಯಿಮಕ್ಕಳ ನಡುವೆ ಎಂಜಲೆಲ್ಲಿಯದು?

ಒಂದು ಹನಿ ಸಾಕು. ಒಂದು ಹನಿಯಲ್ಲಿ ಅವಳ ನಾಲ್ಕು ಕೋಶ ತೇಲಿ ಆ ಕಡೆ ಹೋದರೆ ಸಾಕು. ಅವನವು ಕುಂಟುತ್ತ ಒಂದು ಎರಡಾಗುವಷ್ಟರಲ್ಲಿ ಅವಳವು ಹತ್ತಾಗಿರುತ್ತವೆ, ನೂರಾಗಿರುತ್ತವೆ. ತಟ್ಟೆಯಲ್ಲಿ ದುಂಡನೆಯ ಬೀಜಗಳು ಹೆಚ್ಚುತ್ತ ಬಂದದ್ದನ್ನು ಅವಳು ಮಗ ಚೇತರಿಸಿಕೊಳ್ಳುತ್ತಿದ್ದಾನೆಂದು ನೋಡಿ ಹಿಗ್ಗಿದ್ದಳು. ಅವು ಅವನ ಜಾಗ, ಅವನ ಊಟ ಕಸಿದುಕೊಳ್ಳುತ್ತ ಬಂದ ಅವಳವೇ ಕೋಶಗಳು. ಮದ್ದೇನೋ ಕೆಲಸ ಮಾಡಿತ್ತು. ಎಳೆಯಳಾದವಳು ತಾಯಿ.

"ನಿಂದಲ್ಲ ಕಣೆ ತಪ್ಪು" ಎಂದಳು ಗುಬ್ಬಿಗೆ. "ನಂದು. ಹೋಗಿ ಮುಖ ತೊಳ್ಕೊ."

ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಫಲಿತಾಂಶ ವಾಪಸ್ ತಗೊಳ್ಳೋಣ" ಎಂದರು. "ಅವನ ಕೋಶದ್ದು ಒಂದು ಸೀಸೆ ಉಳಿದಿದೆಯಮ್ಮ. ಮೊಟ್ಟಮೊದಲು ನಾನೇ ಫ್ರೀಜ್ ಮಾಡಿದ್ದು. ನಿನ್ನ ಕೈ ಸೇರೋದಕ್ಕೆ ಮುಂಚಿಂದು."

"ಗೊತ್ತು ಸರ್."

"ಅದೊಂದೇ. ಕರಗಿಸಿದ್ರೆ ಮತ್ತೆ ಇಡೋಷ್ಟು ಬೆಳೆಯಲ್ಲ. ಕರಗಿಸು ಅಂತ ನಾನು ಹೇಳಲ್ಲ."

ಅವಳು ಹುಡುಗಿಯ ತಾಯಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಹಂಗಾದ್ರೆ ಮದ್ದು ಕೆಲಸ ಮಾಡಲ್ವಾ ಅಕ್ಕ?"

"ಗೊತ್ತಿಲ್ಲಮ್ಮ. ಈ ಕಾಯಿಲೇಲಿ ಮಾಡುತ್ತೋ ಇಲ್ವೋ ಈಗ ಯಾರಿಗೂ ಗೊತ್ತಿಲ್ಲ. ಕೈ ಮೀರಿದ್ರೆ ಗಡ್ಡೆ ಏಳೋ ಅಪಾಯ ಮಾತ್ರ ನಿಜ."

"ಗೊತ್ತಿಲ್ಲ ಅಂದ್ರೆ ನಾನು ಕೊಟ್ಟುಬಿಡಿ ಅಂತೀನಿ. ಡಾಕ್ಟ್ರ ಕಾಲಿಗೆ ಬಿದ್ದಾದ್ರೂ ಕೊಡಿಸ್ತೀನಿ. ಏನೂ ಮಾಡ್ದೆ ಕೂರೋಕೆ ನನ್ ಕೈಲಿ ಆಗಲ್ಲ. ಇಲ್ಲ ಅಂತ ನೀವು ಖಂಡಿತವಾಗಿ ಹೇಳಿದ್ರೆ ಬಿಡ್ತೀನಿ. ಹೇಳ್ತೀರಾ?"

ಖಂಡಿತವಾಗಿ ಹೇಳಲು ಇದ್ದದ್ದು ಆ ಒಂದೇ ಸೀಸೆ. ಹುಡುಗಿಯ ಚರ್ಮ ತೆಗೆಯುವಂತಿರಲಿಲ್ಲ. ಹಿಂದೊಮ್ಮೆ ತೆಗೆದ ಗಾಯ ಇನ್ನೂ ಮಾಯದೆ ಸೋರುತ್ತಿತ್ತು.

ಚೊಕ್ಕಮ್ಮ ಸಲೂನಿಗೆ ಹೋದಾಗ ಬಿಸಿಲಿಳಿದಿರಲಿಲ್ಲ, ಗಿರಾಕಿಗಳಿರಲಿಲ್ಲ. ಅವಳು ಅಲ್ಲಿಗೆ ಬರುವುದೇ ಅಪರೂಪ.

"ಏನ್ ಡಾಕ್ಟ್ರೇ, ಗಡ್ಡ ಬೋಳಿಸ್ಬೇಕಾ?" ಎಂದ ಗಂಡ. ಅವಳ ಮುಖ ನೋಡಿ ಬಾಚಣಿಗೆ ಕೆಳಗಿಟ್ಟ.

ಅವಳು ಗಿರಾಕಿಯ ಕುರ್ಚಿಯಲ್ಲೇ ಕೂತು ಹೇಳಿದಳು. ಅವನು ಕನ್ನಡಿಯೊಳಗಿನ ಅವಳನ್ನು ನೋಡುತ್ತ ಕೇಳಿಸಿಕೊಂಡ.

"ಅಂದ್ರೆ ಇಷ್ಟು ವರ್ಷ ನೀನು ಉಣಿಸಿದ್ದು ನಿಂಗೇನೇ?" ಎಂದು ನಗಲು ಹೋದ. "ಅವನು ಯಾವಾಗ್ಲೋ ಹೋಗಿದ್ದ, ಅಲ್ಲೂ."

"ಹೂಂ."

"ಆ ಸೀಸೆ ಮುಟ್ಬೇಡ."

"ಬರೀ ಚರ್ಮ ಅಂತ ನೀನೇ ಹೇಳ್ತಿದ್ದೆ."

"ಹೇಳ್ತಿದ್ದೆ" ಎಂದ. ಅವನ ಕೈ ಸುಮ್ಮನೆ ಕುರ್ಚಿಯ ಬೆನ್ನು ಒರೆಸುತ್ತಿತ್ತು. "ನೀನು ನೋಡ್ಕೋತಿದ್ದೀಯಲ್ಲ, ಆ ಧೈರ್ಯಕ್ಕೆ ಹೇಳ್ತಿದ್ದೆ ಕಣೆ. ದಿನಾ ಅಂಗಡಿ ಬಾಗಿಲು ಎತ್ತುವಾಗ ಅಂದ್ಕೋತಿದ್ದೆ, ಈಗ ಅವಳು ಹೋಗಿ ಅವನಿಗೆ ತಿನ್ನಿಸ್ತಿರ್ತಾಳೆ ಅಂತ. ಇರ್ಲಿ ಬಿಡು. ತಣ್ಣಗೆ ಅಲ್ಲೇ ಇರ್ಲಿ. ಅವನೇನು ಕೇಳ್ತಾನಾ ನಿನ್ನ?"

ಎಷ್ಟೋ ಸಲ ಇದೇ ಗಂಡನ ಜೊತೆ, ಅದು ಬರೀ ಚರ್ಮವಲ್ಲ ಎಂದು ಅವಳು ಜಗಳವಾಡಿದ್ದಳು. ಈಗ ಅವನ ಮಾತನ್ನೇ ತಾನು ಹೇಳಬೇಕಿತ್ತು. "ಅದು ಅವನಲ್ಲ ಕಣೋ" ಎಂದಳು. "ಕೋಶ, ಅಷ್ಟೇ. ಅಲ್ಲೊಂದು ಹುಡುಗಿ ಇದೆ."

ಹುಡುಗಿಯ ತಾಯಿ ಕೇಳಿದ್ದನ್ನು ಹೇಳಿದಳು. ಅವನು ಬಟ್ಟೆ ಕೊಡವಿದ, ಮಡಿಸಿದ, ಮತ್ತೆ ಬಿಡಿಸಿ ಮಡಿಸಿದ.

"ಎಷ್ಟು ವಯಸ್ಸು?"

"ಆರು."

"ಕೂದಲು?"

"ಇಲ್ಲ."

ಅವನು ಬಾಗಿಲಿಗೆ ಹೋಗಿ ಬೀದಿ ನೋಡುತ್ತ ನಿಂತ. "ಕರಗಿಸೋ ದಿನ ಹೇಳು" ಎಂದ, ತಿರುಗದೆ. "ಅಂಗಡಿ ಮುಚ್ಚಿ ಬರ್ತೀನಿ."

ಬಂದ. ಲ್ಯಾಬಿನ ಬಿಳಿ ಕೋಟು ಅವನ ಭುಜಕ್ಕೆ ಬಿಗಿಯಾಯಿತು. ಮೇಷ್ಟ್ರು ತಾವೇ ಹೊಗೆಯಾಡುವ ಟ್ಯಾಂಕಿನೊಳಗಿಂದ ಆ ಸೀಸೆ ತೆಗೆದು ಗುಬ್ಬಿಯ ಕೈಗಿತ್ತರು, ಕಿರುಬೆರಳಿನಷ್ಟು ಸೀಸೆ. ಬೆಚ್ಚನೆಯ ನೀರಿನಲ್ಲಿ ಅಲುಗಿಸಿದಾಗ ಒಳಗಿನ ಮಂಜು ಕಡಲೆಕಾಳಿನಷ್ಟಾಯಿತು, ಆಮೇಲೆ ಇಲ್ಲವಾಯಿತು. ಚೊಕ್ಕಮ್ಮ ಗಾಜಿನ ಗೋಡೆಯ ಆಚೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಈ ಸಲ ಅವಳು ಮುಟ್ಟುವಂತಿರಲಿಲ್ಲ. ಅವಳ ಕೋಶಗಳ ತಟ್ಟೆಗಳನ್ನೆಲ್ಲ ಆ ಮಹಡಿಯಿಂದಲೇ ತೆಗೆದುಬಿಟ್ಟಿದ್ದರು. ಹೊಸ ಬಾಟಲಿ, ಹೊಸ ಗೂಡು, ಗುಬ್ಬಿಯ ಕೈ. ಗುಬ್ಬಿ ಒಂದೊಂದು ಹನಿಗೂ ಚೊಕ್ಕಮ್ಮನತ್ತ ನೋಡುತ್ತ ಉಣಿಸಿದಳು. ಸರಿಯಾಗಿಯೇ ಉಣಿಸಿದಳು. ಅದನ್ನು ಕಲಿಸಿದವಳು ತಾನೇ ಎಂಬುದು ಚೊಕ್ಕಮ್ಮನಿಗೆ ಸಮಾಧಾನವನ್ನೇನೂ ಕೊಡಲಿಲ್ಲ.

ಮಾರನೆಯ ದಿನ ಕೋಶಗಳು ತಟ್ಟೆಗೆ ಅಂಟಿದ್ದವು. ಹೆಚ್ಚಿರಲಿಲ್ಲ. ಪರೀಕ್ಷೆಯೂ ಆಯಿತು: ಗಂಡು ಗುರುತು ಇತ್ತು, ತಪ್ಪು ಅಕ್ಷರವೂ ಇತ್ತು. ಆ ತಪ್ಪು ಅಕ್ಷರ ಇದೆ ಎಂದು ಗುಬ್ಬಿ ಹೇಳಿದಾಗ ಚೊಕ್ಕಮ್ಮನಿಗೆ ಬಂದದ್ದು ಸಂತೋಷ. ಮಗನನ್ನು ಕೊಂದ ಅಕ್ಷರ ನೋಡಿ ಅವನನ್ನು ಗುರುತು ಹಿಡಿದು ಹಿಗ್ಗುವ ತಾಯಿ ಇನ್ನೊಬ್ಬಳಿದ್ದಾಳೆಯೇ ಎಂದುಕೊಂಡಳು.

ಗಂಡ ಸೂಕ್ಷ್ಮದರ್ಶಕಕ್ಕೆ ಬಗ್ಗಿದ. "ಏನೂ ಕಾಣಲ್ಲ."

"ಕಣ್ಣು ಮುಚ್ಕೋಬೇಡ. ಎರಡೂ ತೆಗಿ."

"ಹಾಂ." ಸ್ವಲ್ಪ ಹೊತ್ತಾದ ಮೇಲೆ, "ಇಷ್ಟೇನಾ?"

"ಇಷ್ಟೇ."

"ಯಾಕೆ ಹಿಂಗೆ ದೂರದೂರ ಕೂತವೆ?"

"ಬೆಳೆದು ಹತ್ರ ಬರೋಕೆ ಶಕ್ತಿ ಇಲ್ಲ."

"ಜೀವ ಇದೆಯಾ?"

"ಇದೆ."

ಅವನು ಏಳಲಿಲ್ಲ. ಬೆನ್ನು ಬಗ್ಗಿಸಿ ಹಾಗೆಯೇ ಇದ್ದ. ಬಹಳ ಹೊತ್ತಾದ ಮೇಲೆ ಎದ್ದಾಗ ನೋಡುವ ಮಸೂರ ಎರಡೂ ಒದ್ದೆಯಾಗಿದ್ದವು. ಮಸೂರಕ್ಕೆ ಬೆರಳು ತಾಗಿದರೂ ವಿದ್ಯಾರ್ಥಿಗಳ ಕಿವಿ ಹಿಂಡುತ್ತಿದ್ದ ಚೊಕ್ಕಮ್ಮ ತಾನೇ ತೆಳು ಕಾಗದ ತಂದು ಒರೆಸಿದಳು.

ಕೋಶಗಳನ್ನು ಎರಡು ಪಾಲು ಮಾಡಿದರು. ಒಂದಕ್ಕೆ ಮದ್ದು, ಇನ್ನೊಂದಕ್ಕೆ ಬರೀ ಊಟ. ಮದ್ದಿಲ್ಲದವು ಚಪ್ಪಟೆಯಾಗಿ ಹರಡಿಕೊಂಡು, ದಣಿದವರಂತೆ ಬಿದ್ದುಕೊಂಡವು. ಮದ್ದಿನವು ಮೊದಲ ವಾರ ಚುರುಕಾದವು. ಕೆಲವು ಬೀಜಗಳ ಸುಕ್ಕು ಸಡಿಲಾಯಿತು. ಗುಬ್ಬಿಗೆ ಆಸೆ ಹುಟ್ಟಿತು. ಚೊಕ್ಕಮ್ಮನೂ ಆಸೆಪಟ್ಟಳು, ಬೇಡವೆಂದರೂ ಆಸೆ ಕೇಳುತ್ತದೆಯೇ? ಆದರೆ ಒಳಗಿನ ಅಕ್ಷರ ತನ್ನ ಕೆಲಸ ಬಿಟ್ಟಿರಲಿಲ್ಲ. ಗುರುತುಗಳನ್ನು ಎಷ್ಟು ಸರಿಪಡಿಸಿದರೂ ಕೋಶ ಆ ತಪ್ಪನ್ನೇ ಓದಿಕೊಂಡು ಮತ್ತೆ ಅದೇ ಹಾಳು ಗೋಡೆ ಕಟ್ಟುತ್ತಿತ್ತು, ಈಗ ಇನ್ನೂ ಹುರುಪಿನಿಂದ. ಎರಡನೆಯ ವಾರದ ಕೊನೆಗೆ ಬೀಜಗಳು ಮುಂಚಿಗಿಂತ ಕೆಟ್ಟದಾಗಿ ಮುದುಡಿದವು. ಕೋಶಗಳು ಒಂದೊಂದಾಗಿ ತಟ್ಟೆಯಿಂದ ಕಿತ್ತು ತೇಲತೊಡಗಿದವು. ಮದ್ದಿಲ್ಲದ ಪಾಲಿಗಿಂತ ಮದ್ದಿನ ಪಾಲೇ ಮೊದಲು ಬರಿದಾಯಿತು.

ಅವಳು ಹುಡುಗಿಯ ತಾಯಿಗೆ ಫೋನು ಮಾಡಿದಳು. "ಇಲ್ಲಮ್ಮ" ಎಂದಳು. "ಖಂಡಿತವಾಗಿ ಹೇಳ್ತಿದ್ದೀನಿ. ಬೇಡ. ಈ ಮದ್ದು ಅವಳನ್ನ ಬೇಗ ಕಳಿಸುತ್ತೆ."

ಆಚೆಯಿಂದ ಮಗುವೊಂದು ಏನನ್ನೋ ಎಣಿಸುತ್ತಿರುವ ಸದ್ದು ಕೇಳುತ್ತಿತ್ತು, ನಡುವೆ ತಪ್ಪಿ ಮತ್ತೆ ಮೊದಲಿನಿಂದ. ತಾಯಿ, "ಆಯ್ತಕ್ಕ" ಎಂದಳು. ಫೋನು ಇಡಲಿಲ್ಲ. ಇಬ್ಬರೂ ಆ ಎಣಿಕೆ ಕೇಳುತ್ತ ಇದ್ದರು. ಕೊನೆಗೆ ಮಗು "ಅಮ್ಮಾ" ಎಂದಾಗ ಫೋನು ಕಡಿಯಿತು.

ಮದ್ದಿಲ್ಲದ ಪಾಲಿನಲ್ಲಿ ಉಳಿದ ಕೋಶಗಳೂ ಸತ್ತವು. ಗಂಡ ಹೇಳಿಕಳಿಸದೆಯೇ ಬಂದ. ಅಷ್ಟು ದಿನವೂ ಊಟದ ಬಿಡುವಿನಲ್ಲಿ ಅಂಗಡಿ ಅರ್ಧಕ್ಕೆ ಎಳೆದು ಬಂದು, ಒಮ್ಮೆ ಬಗ್ಗಿ ನೋಡಿ ಹೋಗುತ್ತಿದ್ದ. ಸತ್ತ ಕೋಶಗಳ ತಟ್ಟೆಗೆ ಬ್ಲೀಚ್ ಸುರಿದು ಇಟ್ಟು, ಆಮೇಲೆ ಚೆಲ್ಲಬೇಕು. ಗುಬ್ಬಿ ಬಾಟಲಿ ಹಿಡಿದು ಮುಂದೆ ಬರಲಾರದೆ ನಿಂತಳು. ಚೊಕ್ಕಮ್ಮ ಅವಳ ಕೈಯಿಂದ ಅದನ್ನು ತೆಗೆದುಕೊಂಡು ಹೊರಗೆ ಕಳಿಸಿದಳು.

ಗಂಡ ಬಾಟಲಿಯ ಘಾಟಿಗೆ ಮೂಗು ಸೊಟ್ಟ ಮಾಡಿದ. ಅವಳ ಮಣಿಕಟ್ಟು ಹಿಡಿದುಕೊಂಡ.

"ಉರಿಯುತ್ತಾ?" ಎಂದ.

ಅಲ್ಲಿ ನರವಿಲ್ಲ, ನೋವಿಲ್ಲ, ಉರಿಯಲು ಯಾರೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಮೊದಲ ವರ್ಷದ ವಿದ್ಯಾರ್ಥಿ ಕೇಳಿದ್ದರೆ ಹಾಗೆಯೇ ಹೇಳುತ್ತಿದ್ದಳು.

"ಇಲ್ಲ" ಎಂದಳು. "ಉರಿಯಲ್ಲ. ನಿಧಾನಕ್ಕೆ ಹಾಕ್ತೀನಿ."

ಅವನು ಮಣಿಕಟ್ಟು ಬಿಡಲಿಲ್ಲ. ಅವನ ಕೈ ಮೇಲಿದ್ದ ಹಾಗೆಯೇ ಅವಳು ಬಾಟಲಿ ಬಗ್ಗಿಸಿದಳು.